ಮೇಲಿನ ರಾಗ ಇರಲಿ, ತಳದಿಂದ ಕೇಳಿ

ಮನೆಯಲ್ಲಿ ಪೇಟಿ ಇದ್ದರೆ ಹೊರಗೆ ತೆಗೆಯಿರಿ. ಕಲಬುರಗಿ ಕಡೆ ಹಾರ್ಮೋನಿಯಂ ಇಲ್ಲದ ಊರು ಹುಡುಕುವುದು ಕಷ್ಟ. ನಿಮ್ಮಲ್ಲಿ ಇಲ್ಲದಿದ್ದರೆ ಮಠದಲ್ಲೋ ಭಜನಿ ಮಾಡುವವರ ಮನೆಯಲ್ಲೋ ಸಿಗುತ್ತದೆ. ಸಾ ಒತ್ತಿ ಹಿಡಿಯಿರಿ. ಅದನ್ನು ಬಿಡದೆ ಶುದ್ಧ ಗ ಒತ್ತಿ. ಆ ಎರಡನ್ನೂ ಬಿಡದೆ ಪ ಒತ್ತಿ. ಮೂರೂ ಕೂಡಿ ತುಂಬಿದ, ನಗುಮುಖದ ಒಂದು ನಾದ ಬರುತ್ತದೆ. ಈಗ ಸಾ, ಪ ಹಾಗೇ ಇರಲಿ. ಗ ಒಂದನ್ನೇ ಕೋಮಲ ಮಾಡಿ. ಒಂದು ಬೆರಳು ಒಂದು ಮನೆ ಹಿಂದೆ ಸರಿಯಿತು, ಅಷ್ಟೇ. ಆದರೆ ನಾದದ ಮುಖವೇ ಬಾಡಿತು, ಅಲ್ವಾ?

ನೂರು ವಾದ್ಯ, ನೂರು ಗಂಟಲು ಒಂದೇ ವೇದಿಕೆ ಮೇಲೆ ಸೇರುವ ಪಾಶ್ಚಾತ್ಯ ಶಾಸ್ತ್ರೀಯ ಕಛೇರಿಯ ಒಳಗೆ ಹೋಗಲು ಆ ಒಂದು ಬೆರಳು ಸಾಕು. ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಅಲ್ಲ ಇದು. ಮುಂದೆ ಅರ್ಧಚಂದ್ರಾಕಾರದಲ್ಲಿ ವಯಲಿನ್‌ನವರು, ಹಿಂದೆ ತುತ್ತೂರಿ, ನಗಾರಿ, ಅದಕ್ಕೂ ಹಿಂದೆ ಮೆಟ್ಟಿಲಿನ ಮೇಲೆ ಸಾಲಾಗಿ ನಿಂತ ಗಾಯಕರು, ನಡುವೆ ಕೋಲು ಹಿಡಿದ ಒಬ್ಬರು. ಅಂಥ ಒಂದು ವಿಡಿಯೊವನ್ನು ಪರಿಚಯದ ಪೇಟಿ ಮಾಸ್ತರರಿಗೆ ತೋರಿಸಿದ್ದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅಂದರು: “ಛಲೋ ಅದ. ಆದ್ರ ಎಲ್ಲಾರೂ ಬ್ಯಾರೆ ಬ್ಯಾರೆ ಹಾಡ್ಲಕತ್ತಾರಲ್ರೀ, ನಾ ಯಾರಿಗಿ ಕೇಳ್ಬೇಕು?”

ಈ ಸಂಗೀತಕ್ಕೆ ಹೊಸಬರಾದ ಎಲ್ಲರ ತೊಡಕೂ ಇದೇ. ಕಿವಿ ತಾನಾಗಿ ಮೇಲಿನ ರಾಗವನ್ನು ಹಿಡಿಯುತ್ತದೆ. ಅದು ಕೈತಪ್ಪಿದರೆ ಎಲ್ಲಾ ಗದ್ದಲ ಅನಿಸುತ್ತದೆ. ನನ್ನ ಸಲಹೆ ಇಷ್ಟು: ಮೇಲಿನಿಂದ ಅಲ್ಲ, ತಳದಿಂದ ಕೇಳಿ. ಹಿಂದಿನ ಸಾಲಿನವರನ್ನು, ದಪ್ಪ ದನಿಯವರನ್ನು, ಯಾವತ್ತೂ ರಾಗ ಸಿಗದ ನಡುವಿನವರನ್ನು ಮೊದಲು ಹಿಡಿಯಿರಿ. ಮೇಲಿನ ರಾಗ ಎಲ್ಲಿಗೂ ಓಡಿಹೋಗುವುದಿಲ್ಲ.

ನಮ್ಮಲ್ಲೂ ಗುಂಪಾಗಿ ಹಾಡುವುದು ಕಡಿಮೆಯೇನಿಲ್ಲ. ಶ್ರಾವಣದ ಭಜನಿ, ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಹೊತ್ತಿನ ರಿವಾಯತ್ ಪದ, ಬಂದೇನವಾಜ್ ಉರುಸಿನ ಖವ್ವಾಲಿ. ಎಲ್ಲದರ ಕಟ್ಟು ಒಂದೇ ಥರ. ಮುಂದಿನವರು ಒಂದು ಸಾಲು ಎತ್ತುತ್ತಾರೆ, ಹಿಂದಿನವರು ಅದೇ ಸಾಲನ್ನು ತಿರುಗಿ ಹಾಡುತ್ತಾರೆ. ಹತ್ತು ಮಂದಿ ಇರಲಿ, ನೂರು ಮಂದಿ ಇರಲಿ, ರಾಗದ ಎಳೆ ಒಂದೇ. ಜನ ಜಾಸ್ತಿಯಾದಷ್ಟೂ ಅದು ದಪ್ಪಗಾಗುತ್ತದೆ. ಅದರ ಸೊಗಸು ಇರುವುದು ಆ ಎಳೆಯನ್ನು ಮುಂದಿನವರು ಹೇಗೆ ಬಳುಕಿಸುತ್ತಾರೆ ಅನ್ನುವುದರಲ್ಲಿ. ಮೀಂಡ್, ಮುರ್ಕಿ, ತಾನ್, ತಾಳದ ಜೊತೆಗಿನ ಆಟ.

ಕ್ವಾಯರ್, ಅಂದರೆ ಪಾಶ್ಚಾತ್ಯ ಗಾಯಕರ ಗುಂಪಿನ ಕಟ್ಟು ಬೇರೆ. ಅಲ್ಲಿ ಒಂದೇ ಹೊತ್ತಿಗೆ ನಾಲ್ಕು ಎಳೆ ನಡೆಯುತ್ತವೆ. ಹೆಂಗಸರ ಎತ್ತರದ ದನಿಗೆ ಸೊಪ್ರಾನೊ, ತಗ್ಗಿನ ದನಿಗೆ ಆಲ್ಟೊ. ಗಂಡಸರ ಎತ್ತರದ ದನಿಗೆ ಟೆನರ್, ತಗ್ಗಿನದಕ್ಕೆ ಬಾಸ್. ಈಗ ಪೇಟಿಯ ಮೇಲಿನ ಮೂರು ಬೆರಳು ನೆನಪು ಮಾಡಿಕೊಳ್ಳಿ. ಬಾಸ್‌ನವರು ಕೆಳಗಿನ ಸಾ ಹಿಡಿದರು ಅನ್ನಿ. ಟೆನರ್‌ನವರು ಪ, ಆಲ್ಟೊದವರು ಗ, ಸೊಪ್ರಾನೊದವರು ಮೇಲಿನ ಸಾ. ಎಲ್ಲರ ಬಾಯಲ್ಲೂ ಒಂದೇ ಮಾತು, ಸ್ವರ ಮಾತ್ರ ಬೇರೆ. ಮರುಕ್ಷಣ ಬಾಸ್‌ನವರು ಪ-ಗೆ ಹೋಗುತ್ತಾರೆ. ಉಳಿದವರು ನಿ, ರೆ, ಪ ಹಂಚಿಕೊಳ್ಳುತ್ತಾರೆ. ಪೇಟಿಯಲ್ಲಿ ಪ, ನಿ, ಮೇಲಿನ ರೆ ಒಟ್ಟಿಗೆ ಒತ್ತಿ ಸುಮ್ನೆ ಬಿಟ್ಟುಬಿಡಿ. ಏನೋ ಬಾಕಿ ಉಳಿದ ಹಾಗೆ ಅನಿಸುತ್ತದೆ. ಮತ್ತೆ ಸಾ-ಗ-ಪ ಒತ್ತಿದರೆ ಸಮಾಧಾನ. ಈ ಹೋಗುವುದು, ಬರುವುದೇ ಯುರೋಪಿನ ಸಂಗೀತವನ್ನು ಶತಮಾನಗಟ್ಟಲೆ ನಡೆಸಿಕೊಂಡು ಬಂದಿದೆ. ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ವಾಪಸ್ ಬರುವ ಖುಷಿಯನ್ನು ನಾವು ತಾಳದಲ್ಲಿ ಕಾಣುತ್ತೇವೆ. ಅವರು ಅದನ್ನು ಸ್ವರಗಳ ಗುಂಪಿನಲ್ಲೂ ಕಟ್ಟಿದ್ದಾರೆ.

ಎಲ್ಲಿಗೆ ಹೋಗಬೇಕು, ಯಾವಾಗ ಮನೆಗೆ ವಾಪಸ್ಸಾಗಬೇಕು ಅಂತ ಹೇಳುವವರು ಬಹುತೇಕ ತಳದವರು. ಅದಕ್ಕೇ ತಳದಿಂದ ಕೇಳಿ ಅಂದದ್ದು.

ಇನ್ನು ನಡುವಿನವರು. ಆಲ್ಟೊ ಗಾಯಕಿಯರ ಪಾಡು ನೋಡಿದರೆ ನನಗೆ ಯಾವಾಗಲೂ ಪಾಪ ಅನಿಸುತ್ತದೆ. ಎಷ್ಟೋ ಚರ್ಚಿನ ಕೀರ್ತನೆಗಳಲ್ಲಿ ಅವರ ಸಾಲು ಮೂರು ನಾಲ್ಕು ಸ್ವರದ ಒಳಗೇ ಸುತ್ತುತ್ತದೆ. ಅವರೊಬ್ಬರೇ ಹಾಡಿದರೆ ಯಾವ ಹಾಡು ಅಂತ ಕೂಡ ಗೊತ್ತಾಗುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದರೆ ಮಕ್ಕಳು ನಗುತ್ತಾರೆ. ಆದರೆ ನಗು-ಅಳು ತೀರ್ಮಾನಿಸುವ ಆ ಗ, ಅಂದರೆ ಗಾಂಧಾರ, ಅನೇಕ ಸಲ ಇವರ ಪಾಲಿಗೋ ಟೆನರ್ ಪಾಲಿಗೋ ಬಂದಿರುತ್ತದೆ. ಅವರು ಬಾಯಿ ಮುಚ್ಚಿದರೆ ನಾದದ ಮುಖಕ್ಕೆ ಕಣ್ಣೇ ಇರುವುದಿಲ್ಲ.

ಹಾಗಂತ ಇದು ದೊಡ್ಡದು, ನಮ್ಮದು ಚಿಕ್ಕದು ಅಂತಲ್ಲ. ಪ್ರತಿಯೊಂದು ದಾರಿಗೂ ಅದರ ಬೆಲೆ ಇದೆ. ನಾಲ್ಕು ಎಳೆ ಒಟ್ಟಿಗೆ ಹೊಂದಬೇಕಾದರೆ ಪ್ರತಿಯೊಬ್ಬರೂ ಸ್ವರವನ್ನು ಚುಕ್ಕಿ ಇಟ್ಟ ಹಾಗೆ ಹಿಡಿಯಬೇಕು. ಗಾಂಧಾರವನ್ನು ತೂಗಿಸುತ್ತಾ, ಪಕ್ಕದ ಸ್ವರಕ್ಕೆ ಜಾರಿಸುತ್ತಾ ಹೋದರೆ ಇನ್ನೊಂದು ಎಳೆಗೆ ತಾಗುತ್ತದೆ. ನಾವು ಜಾರುವ ಸ್ವರ ಉಳಿಸಿಕೊಂಡು ಒಂದೇ ಎಳೆಯಲ್ಲಿ ನಿಂತೆವು. ಅವರು ಜಾರುವುದನ್ನು ಬಿಟ್ಟುಕೊಟ್ಟು ಎಳೆಗಳನ್ನು ಹೆಚ್ಚಿಸಿಕೊಂಡರು. ಪೇಟಿಯ ಮೇಲಿದ್ದ ದೂರೂ ಇದೇ ಅಲ್ವಾ? ಅದರಲ್ಲಿ ಸ್ವರ ಜಾರುವುದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಮೂರು ಸ್ವರ ಒಟ್ಟಿಗೆ ನುಡಿಸಲೆಂದೇ ಯುರೋಪಿನಲ್ಲಿ ಹುಟ್ಟಿದ ವಾದ್ಯವನ್ನು ನಾವು ಒಂದೊಂದೇ ಸ್ವರಕ್ಕೆ ಪಳಗಿಸಿಕೊಂಡೆವು.

ಆರ್ಕೆಸ್ಟ್ರಾ ಅಂದರೆ ಇದೇ ನಾಲ್ಕು ಎಳೆಯ ಲೆಕ್ಕ, ವಾದ್ಯಗಳ ಮೇಲೆ ಹರಡಿದ್ದು. ದೊಡ್ಡ ಆರ್ಕೆಸ್ಟ್ರಾದಲ್ಲಿ 80ರಿಂದ 100 ಮಂದಿ ಇರುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ತಂತಿವಾದ್ಯದವರು. ಸಾಮಾನ್ಯವಾಗಿ ಮೊದಲ ವಯಲಿನ್ 16, ಎರಡನೇ ವಯಲಿನ್ 14, ವಿಯೊಲಾ 12, ಚೆಲ್ಲೊ 10, ಡಬಲ್ ಬಾಸ್ 8. ಮೊದಲ ವಯಲಿನ್ ಸೊಪ್ರಾನೊ ಇದ್ದ ಹಾಗೆ, ವಿಯೊಲಾದವರ ಪಾಡು ಆಲ್ಟೊ ಪಾಡು. ಡಬಲ್ ಬಾಸ್ ಆಳೆತ್ತರಕ್ಕೂ ಮೀರಿದ ವಾದ್ಯ. ನಿಂತೋ ಎತ್ತರದ ಸ್ಟೂಲಿನ ಮೇಲೆ ಕೂತೋ ನುಡಿಸುತ್ತಾರೆ.

ತಂತಿವಾದ್ಯದವರನ್ನು ಹತ್ತಿರದಿಂದ ನೋಡಿದರೆ ಇಬ್ಬಿಬ್ಬರಿಗೆ ಒಂದೊಂದು ಸ್ಟ್ಯಾಂಡು, ಅದರ ಮೇಲೆ ಒಂದೇ ಸ್ವರಪುಸ್ತಕ. ಪುಟ ಮುಗಿಯುತ್ತಾ ಬಂದಾಗ ಒಳಗಡೆ ಕೂತವರು ನುಡಿಸುವುದು ನಿಲ್ಲಿಸಿ, ಕೈ ಚಾಚಿ ಹಾಳೆ ತಿರುವುತ್ತಾರೆ. ಪ್ರೇಕ್ಷಕರ ಕಡೆ ಕೂತವರು ನುಡಿಸುತ್ತಲೇ ಇರುತ್ತಾರೆ. ಪುಸ್ತಕದ ತುಂಬಾ ಪೆನ್ಸಿಲ್ ಗುರುತು. ಕಮಾನು ಯಾವ ಸ್ವರಕ್ಕೆ ಮೇಲೆ ಹೋಗಬೇಕು, ಯಾವುದಕ್ಕೆ ಕೆಳಗೆ ಬರಬೇಕು ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಹದಿನಾರು ಕಮಾನು ಒಟ್ಟಿಗೆ ಏರಿಳಿಯುವುದು ನೋಡಲಿಕ್ಕೆ ಚೆಂದ ಇರಲಿ ಅಂತಲ್ಲ. ಕಮಾನು ಕೆಳಕ್ಕೆ ಎಳೆದಾಗ ದನಿಗೆ ತೂಕ ಜಾಸ್ತಿ, ಮೇಲಕ್ಕೆ ಹೋದಾಗ ಕಡಿಮೆ. ದಿಕ್ಕು ಬೇರೆಯಾದರೆ ಮಾತಿನ ಒತ್ತು ಬೇರೆಯಾಗುತ್ತದೆ. ಮೊದಲ ವಯಲಿನ್ ಗುಂಪಿಗೆ ಇದನ್ನು ತೀರ್ಮಾನಿಸುವವರು ಅದರ ಮುಖ್ಯಸ್ಥರು, ಅವರನ್ನು ಕನ್ಸರ್ಟ್‌ಮಾಸ್ಟರ್ ಅನ್ನುತ್ತಾರೆ. ಉಳಿದ ತಂತಿವಾದ್ಯದವರೂ ಅದಕ್ಕೆ ಹೊಂದಿಕೊಳ್ಳುತ್ತಾರೆ.

ಹಿಂದಿನ ಸಾಲುಗಳು ನಮಗೆ ಅಷ್ಟೇನೂ ಅಪರಿಚಿತ ಅಲ್ಲ. ಟ್ರಂಪೆಟ್, ಕ್ಲಾರಿಯೊನೆಟ್ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಕೇಳಿದ್ದೇವೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಪೆರೇಡಿನಲ್ಲಿ ಪೊಲೀಸ್ ಬ್ಯಾಂಡಿನವರ ಕೈಯಲ್ಲಿ ಇಂಥವನ್ನೇ ನೋಡುತ್ತೇವೆ. ಓಬೋ ನಮ್ಮ ಶಹನಾಯಿಯ ನೆಂಟ, ಎರಡಕ್ಕೂ ಜೋಡಿ ಪೀಪಿ. ಟಿಂಪನಿ ಅಂತೂ ನಗಾರಿಯೇ. ಮುಸ್ಲಿಂ ಸೇನೆಗಳ ನಕ್ಕಾರಾ ಯುರೋಪಿಗೆ ಹೋಗಿ, ಮೊದಲು ಕುದುರೆ ದಂಡಿನಲ್ಲಿ, ಆಮೇಲೆ ಕಛೇರಿಯಲ್ಲಿ ಜಾಗ ಹಿಡಿಯಿತು.

ಕಛೇರಿ ಶುರುವಾಗುವ ಮೊದಲು ಶ್ರುತಿ ಸೇರಿಸುವುದು ಓಬೋದವರ ಕೆಲಸ. ಅವರು ಒಂದು ಸ್ವರ ಉದ್ದಕ್ಕೆ ಊದುತ್ತಾರೆ. ಸೆಕೆಂಡಿಗೆ 440 ಕಂಪನದ, ಅವರ ಲೆಕ್ಕದ ‘ಎ’. ಉಳಿದವರೆಲ್ಲಾ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಓಬೋವೇ ಯಾಕೆ ಅಂದರೆ ಅದರ ದನಿ ಮೊನಚು, ಗದ್ದಲದ ನಡುವೆಯೂ ಕೇಳುತ್ತದೆ, ಸುಲಭಕ್ಕೆ ಕದಲುವುದಿಲ್ಲ. ವೇದಿಕೆ ಮೇಲೆ ಪಿಯಾನೊ ಇದ್ದರೆ ಅದಕ್ಕೇ ಶ್ರುತಿ ಸೇರಿಸಬೇಕು. ಪಿಯಾನೊ ಯಾರ ಮಾತೂ ಕೇಳುವುದಿಲ್ಲ.

ಈಗ ಕೋಲು ಹಿಡಿದವರು. ಕಂಡಕ್ಟರ್ ಏನೂ ನುಡಿಸುವುದಿಲ್ಲ, ಹಾಡುವುದಿಲ್ಲ. ಆದರೂ ಪೋಸ್ಟರಿನ ಮೇಲೆ ಅವರ ಹೆಸರೇ ದೊಡ್ಡದು. ಇದು ಸ್ವಲ್ಪ ಅತಿಯಾಯಿತು ಅಂತ ನನಗೂ ಅನಿಸುತ್ತದೆ. ಆದರೆ ಅವರಿಲ್ಲದೆ ನಡೆಯುವುದಿಲ್ಲ ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಅವರೊಬ್ಬರ ಮುಂದೆ ಮಾತ್ರ ಎಲ್ಲಾ ವಾದ್ಯ, ಎಲ್ಲಾ ದನಿಗಳ ಸಾಲು ಒಂದರ ಕೆಳಗೊಂದು ಬರೆದ ಪೂರ್ತಿ ಪುಸ್ತಕ ಇರುತ್ತದೆ. ವಾದ್ಯದವರ ಮುಂದೆ ಅವರವರ ಪಾಲು ಅಷ್ಟೇ. ಬಲಗೈ ತಾಳ ಹಾಕುತ್ತದೆ. ನಾಲ್ಕು ಮಾತ್ರೆಯಾದರೆ ಮೊದಲನೆಯದು ಕೆಳಕ್ಕೆ, ಎರಡನೆಯದು ಎಡಕ್ಕೆ, ಮೂರನೆಯದು ಬಲಕ್ಕೆ, ನಾಲ್ಕನೆಯದು ಮೇಲಕ್ಕೆ. ಕೆಳಕ್ಕೆ ಬಿದ್ದದ್ದೇ ಅವರ ಸಮ್. ಎಡಗೈ ದನಿ ಏರಿಸು, ಇಳಿಸು, ಈಗ ನೀವು ಬನ್ನಿ ಅಂತ ಹೇಳುತ್ತದೆ.

ಜಾಸ್ತಿ ಜನರಿಗೆ ಹೊಳೆಯದ ಇನ್ನೊಂದು ಸಂಗತಿ ಇದೆ. ಶಬ್ದ ನಿಧಾನಕ್ಕೆ ಹೋಗುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರ್. ವೇದಿಕೆಯ ಮುಂದಿನ ವಯಲಿನ್‌ಗೂ ಕ್ವಾಯರಿನ ಕೊನೆ ಸಾಲಿಗೂ 17 ಮೀಟರ್ ದೂರ ಇದ್ದರೆ ದನಿ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಇಪ್ಪತ್ತರಲ್ಲಿ ಒಂದು ಸೆಕೆಂಡು ಅಂದರೆ ಎಷ್ಟು ಅಂತ ತಬಲಾ ನುಡಿಸುವವರನ್ನು ಕೇಳಿ. ವಯಲಿನ್ ಕೇಳಿಸಿಕೊಂಡು ಹಾಡಿದರೆ ಕ್ವಾಯರ್ ತಡ. ಅವರ ದನಿ ಮುಂದಕ್ಕೆ ಬರುವ ಹೊತ್ತಿಗೆ ಇನ್ನೂ ತಡ. ಹಾಗಾಗಿ ಹಿಂದಿನವರು ಕಿವಿ ನಂಬುವಂತಿಲ್ಲ, ಕಣ್ಣು ನಂಬಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರ ಹಾಗೆ. ಆ ಗದ್ದಲದಲ್ಲಿ ಕೂಗು ಕೇಳುವುದಿಲ್ಲ, ಮೇಲೆತ್ತಿದ ಕೈ ಕಾಣುತ್ತದೆ.

ಉಸಿರಿನ ವಿಷಯದಲ್ಲೂ ಒಂದು ಉಪಾಯ ಇದೆ. ಒಂದು ಸ್ವರವನ್ನು ಅರ್ಧ ನಿಮಿಷ ಹಿಡಿಯಬೇಕು ಅನ್ನಿ. ಯಾರಿಂದ ಆಗುತ್ತದೆ? ಒಬ್ಬರಿಂದ ಆಗುವುದಿಲ್ಲ, ಇಪ್ಪತ್ತು ಮಂದಿಯಿಂದ ಆಗುತ್ತದೆ. ಪಕ್ಕದವರು ಉಸಿರು ಎಳೆಯುವಾಗ ನೀವು ಎಳೆಯಬೇಡಿ ಅನ್ನುವುದೇ ನಿಯಮ. ಉಸಿರು ಬೇಕಾದವರು ಮೆಲ್ಲಗೆ ದನಿ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಮೆಲ್ಲಗೆ ಸೇರಿಕೊಳ್ಳುತ್ತಾರೆ. ಕೆಳಗೆ ಕೂತವರಿಗೆ ಎಲ್ಲೂ ತುಂಡಾಗದ ಒಂದೇ ಎಳೆ.

ಇಷ್ಟು ತಿಳಿದ ಮೇಲೆ ಒಂದೇ ಒಂದು ಕೃತಿ ಹಿಡಿದು ಕೇಳುವುದಾದರೆ ಜರ್ಮನ್ ಸಂಗೀತಕಾರ ಬೀಥೋವನ್ನನ ಒಂಬತ್ತನೇ ಸಿಂಫನಿ ಹಿಡಿಯಿರಿ. ಸಿಂಫನಿ ಅಂದರೆ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ. ತಳದಿಂದ ಕೇಳುವುದು ಹೇಗೆ ಅಂತ ಅದು ತಾನೇ ಕಲಿಸುತ್ತದೆ. ಸುಮಾರು 70 ನಿಮಿಷ, ನಾಲ್ಕು ಭಾಗ. ಗಾಯಕರು ಬಾಯಿ ತೆರೆಯುವುದು ನಾಲ್ಕನೆಯದರಲ್ಲಿ. ಕ್ವಾಯರ್ ಮೊದಲಿಂದಲೇ ವೇದಿಕೆ ಮೇಲಿದ್ದರೆ ಮುಕ್ಕಾಲು ಗಂಟೆ ಕೆಮ್ಮದೆ, ಅಲುಗಾಡದೆ ಕೂರಬೇಕು. ಒಣಗಿದ ಗಂಟಲಲ್ಲಿ ಕಷ್ಟದ ಎತ್ತರಕ್ಕೆ ಹಾರಬೇಕು.

ನಾಲ್ಕನೇ ಭಾಗ ಒಂದು ಕರ್ಕಶ ಸದ್ದಿನಿಂದ ಶುರುವಾಗುತ್ತದೆ. ಅದಕ್ಕೆ ಚೆಲ್ಲೊ, ಡಬಲ್ ಬಾಸ್‌ನವರು ಉತ್ತರ ಕೊಡುತ್ತಾರೆ. ಹಾಡಿನ ಹಾಗಲ್ಲ, ಯಾರೋ ಮಾತಾಡಿದ ಹಾಗೆ. ಆರ್ಕೆಸ್ಟ್ರಾ ಮೊದಲ ಭಾಗದ ಒಂದು ತುಣುಕು ನೆನಪಿಸುತ್ತದೆ. ತಳದವರು ಬೇಡ ಅನ್ನುತ್ತಾರೆ. ಎರಡನೇ ಭಾಗದ ತುಣುಕು ಬರುತ್ತದೆ. ಅದೂ ಬೇಡ. ಮೂರನೆಯದು ತುಂಬಾ ಮಧುರ, ಆದರೂ ಬೇಡ. ಆಮೇಲೆ ಅವರೇ, ಆ ದಪ್ಪ ದನಿಯವರೇ, ಜೊತೆಗೆ ಯಾರೂ ಇಲ್ಲದೆ, ತೀರಾ ಮೆಲ್ಲಗೆ ಹೊಸ ರಾಗ ಎತ್ತುತ್ತಾರೆ.

ಆ ರಾಗ ನಿಮ್ಮ ಪೇಟಿಯಲ್ಲಿದೆ. ಎಲ್ಲಾ ಶುದ್ಧ ಸ್ವರ, ಬಿಲಾವಲ್ ಥಾಟ್. ನುಡಿಸಿ ನೋಡಿ:

ಗ ಗ ಮ ಪ | ಪ ಮ ಗ ರೆ | ಸಾ ಸಾ ರೆ ಗ | ಗ ರೆ ರೆ
ಗ ಗ ಮ ಪ | ಪ ಮ ಗ ರೆ | ಸಾ ಸಾ ರೆ ಗ | ರೆ ಸಾ ಸಾ

ಐದೇ ಸ್ವರ. ಮುಂದೆ ಒಂದು ಕಡೆ ಮಂದ್ರದ ಪ ಮುಟ್ಟಿ ಬರುತ್ತದೆ, ಅಷ್ಟೇ. ಸಂಗೀತದ ಕ್ಲಾಸಿಗೆ ಸೇರಿದ ಹುಡುಗ ಮೊದಲ ತಿಂಗಳಲ್ಲೇ ನುಡಿಸಬಹುದಾದ ರಾಗ. ಎರಡನೇ ಸುತ್ತಿನಲ್ಲಿ ಇದನ್ನು ವಿಯೊಲಾ ಮತ್ತು ಚೆಲ್ಲೊದವರು ಎತ್ತಿಕೊಳ್ಳುತ್ತಾರೆ. ಅಂತೂ ನಡುವಿನವರಿಗೂ ರಾಗ ಸಿಕ್ಕಿತು! ಬಸೂನ್ ಎಂಬ ದಪ್ಪ ಗಾಳಿವಾದ್ಯ ಪಕ್ಕದಲ್ಲಿ ಬೇರೆಯೇ ಎಳೆ ನುಡಿಸುತ್ತದೆ. ನನ್ನ ಮಟ್ಟಿಗೆ ಇಡೀ ಸಿಂಫನಿಯ ಅತ್ಯಂತ ಸೊಗಸಾದ ಜಾಗ ಇದು. ಇಲ್ಲಿ ರಾಗ ಬಿಟ್ಟು ಬಸೂನ್ ಹಿಂದೆ ಹೋಗಿ. ಮೂರನೇ ಸುತ್ತಿಗೆ ವಯಲಿನ್‌ನವರು. ನಾಲ್ಕನೆಯದಕ್ಕೆ ತುತ್ತೂರಿ, ನಗಾರಿ ಸಮೇತ ಎಲ್ಲರೂ. ತಳದಿಂದ ತುದಿಯವರೆಗೆ ಒಂದೊಂದೇ ಮೆಟ್ಟಿಲು.

ಮತ್ತೆ ಆ ಕರ್ಕಶ ಸದ್ದು. ಈ ಸಲ ಉತ್ತರ ಕೊಡುವುದು ಒಬ್ಬ ಮನುಷ್ಯ. ಬಾಸ್ ಗಾಯಕ ಎದ್ದು ನಿಂತು ಹಾಡುತ್ತಾನೆ: ಗೆಳೆಯರೇ, ಈ ದನಿ ಬೇಡ, ಇದಕ್ಕಿಂತ ಸಂತೋಷದ್ದು ಹಾಡೋಣ. ಈ ಮಾತು ಬೀಥೋವನ್ನನೇ ಬರೆದದ್ದು. ಅದರ ನಂತರ ಬರುವುದು 1785ರಲ್ಲಿ ಶಿಲ್ಲರ್ ಬರೆದ, ಆನಂದವನ್ನು ಕೊಂಡಾಡುವ ಜರ್ಮನ್ ಕವಿತೆ. ಆಗ ಎದ್ದ ಕ್ವಾಯರ್ ಕೊನೆವರೆಗೂ ಬಿಡುವುದಿಲ್ಲ. ಸೊಪ್ರಾನೊದವರು ಎತ್ತರದ ಒಂದು ಸ್ವರವನ್ನು ಉಸಿರು ಕಟ್ಟುವಷ್ಟು ಹೊತ್ತು ಹಿಡಿಯಬೇಕಾದ ಜಾಗ ಒಂದಿದೆ. ಮೊದಲ ಪ್ರಯೋಗದ ಗಾಯಕಿಯರು ಇಷ್ಟು ಎತ್ತರ ಆಗುವುದಿಲ್ಲ, ಇಳಿಸಿ ಅಂತ ಕೇಳಿಕೊಂಡರು. ಬೀಥೋವನ್ ಒಪ್ಪಲಿಲ್ಲ.

ಆ ಮೊದಲ ಪ್ರಯೋಗ ನಡೆದದ್ದು 1824ರ ಮೇ 7ರಂದು, ವಿಯೆನ್ನಾದಲ್ಲಿ. ಎಲ್ಲರೂ ಸೇರಿ ಮಾಡಿದ ಪೂರ್ತಿ ಅಭ್ಯಾಸ ಎರಡೇ ಎರಡು. ಅಷ್ಟರಲ್ಲಿ ಬೀಥೋವನ್ನನಿಗೆ ಕಿವಿ ಕೇಳುತ್ತಿರಲಿಲ್ಲ. ಆತ ವೇದಿಕೆ ಮೇಲೆ ನಿಂತು ಕೈ ಆಡಿಸುತ್ತಿದ್ದ. ಆದರೆ ನಿಜವಾಗಿ ನಡೆಸುತ್ತಿದ್ದವನು ಮೈಕಲ್ ಉಮ್ಲಾಫ್. ಬೀಥೋವನ್ ಕಡೆ ನೋಡಬೇಡಿ, ನನ್ನನ್ನು ನೋಡಿ ಅಂತ ಅವನು ಮೊದಲೇ ಹೇಳಿಟ್ಟಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರೂ ಬೀಥೋವನ್ ಜನರಿಗೆ ಬೆನ್ನು ಮಾಡಿ ನಿಂತೇ ಇದ್ದ. ಆಲ್ಟೊ ಗಾಯಕಿ ಕ್ಯಾರೊಲಿನ್ ಉಂಗರ್, ಇಪ್ಪತ್ತರ ಹುಡುಗಿ, ಅವನನ್ನು ಹಿಡಿದು ಜನರ ಕಡೆ ತಿರುಗಿಸಿದಳು. ಕಿವಿಗೆ ಬೀಳದ ಚಪ್ಪಾಳೆ ಕಣ್ಣಿಗಾದರೂ ಬೀಳಲಿ ಅಂತ.

ಚಪ್ಪಾಳೆ ಅಂದಾಗ ಹೇಳಿಬಿಡುತ್ತೇನೆ. ಈಗಿನ ಕಛೇರಿಗಳಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಪ್ಪಾಳೆ ಹೊಡೆಯಬಾರದು ಅನ್ನುವ ಕಟ್ಟುನಿಟ್ಟು ಇದೆ. ಒಳ್ಳೆ ತಾನ್ ಬಿದ್ದರೆ “ವ್ಹಾ” ಅನ್ನುವ ನಮ್ಮ ಕಡೆಯವರಿಗೆ ಇದು ಶಿಕ್ಷೆಯೇ. ಬೀಥೋವನ್ನನ ಕಾಲದಲ್ಲಿ ಜನ ಮಧ್ಯೆ ಮಧ್ಯೆ ಧಾರಾಳವಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಈ ಬಿಗಿ ಆಮೇಲೆ ಬಂದದ್ದು. ಹೊಸಬರು ಮಾಡಬೇಕಾದದ್ದು ಇಷ್ಟೇ: ಕಂಡಕ್ಟರ್ ಕೈ ಕೆಳಗಿಳಿಸಿ ಜನರ ಕಡೆ ತಿರುಗುವವರೆಗೆ ಸುಮ್ಮನಿರಿ.

ಹ್ಯಾಂಡೆಲ್ ಎಂಬ ಸಂಗೀತಕಾರನ ಮೆಸ್ಸಾಯ ಇನ್ನೊಂದು ಥರದ್ದು. ಅದರಲ್ಲಿ ಕ್ವಾಯರ್ ಕೊನೆಗೆ ಬರುವ ಅತಿಥಿ ಅಲ್ಲ, ಮನೆಯವರೇ. ಬೈಬಲ್ಲಿನ ವಚನಗಳನ್ನು ಜೋಡಿಸಿದ ಎರಡೂವರೆ ಗಂಟೆಯ ಕೃತಿ. 1741ರಲ್ಲಿ ಸುಮಾರು 24 ದಿನದಲ್ಲಿ ಬರೆದು ಮುಗಿಸಿದ. 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲ ಪ್ರಯೋಗ. ಜಾಗ ಸಾಲದು ಅಂತ ಹೆಂಗಸರು ಬಳೆಕಟ್ಟಿನ ಅಗಲದ ಲಂಗ ಹಾಕದೆ, ಗಂಡಸರು ಕತ್ತಿ ಕಟ್ಟದೆ ಬರಬೇಕು ಅಂತ ಮೊದಲೇ ತಿಳಿಸಿದ್ದರು. ಬಂದ ಹಣ ಆಸ್ಪತ್ರೆಗಳಿಗೂ, ಸಾಲ ತೀರಿಸಲಾಗದೆ ಜೈಲಲ್ಲಿ ಕೊಳೆಯುತ್ತಿದ್ದವರನ್ನು ಬಿಡಿಸಲಿಕ್ಕೂ ಹೋಯಿತು.

ಅದರ ಹಲ್ಲೆಲೂಯ ಕೋರಸ್ ಗೊತ್ತಿಲ್ಲದವರು ಕಡಿಮೆ. ಅಲ್ಲಿ ನಗಾರಿಯವರನ್ನು ಗಮನಿಸಿ. ಹ್ಯಾಂಡೆಲ್ ಅವರಿಗೆ ಕೊಟ್ಟಿರುವುದು ಎರಡೇ ಕೋರಸ್: ಇದು ಮತ್ತು ಕಟ್ಟಕಡೆಯದು. ಮೂರು ಭಾಗದ ಕೃತಿಯಲ್ಲಿ ಎರಡನೇ ಭಾಗದ ಕೊನೆಯವರೆಗೆ ಕೈ ಕಟ್ಟಿ ಕೂರಬೇಕು. ಸಮಯ ಹತ್ತಿರ ಬಂದಾಗ ನಗಾರಿಯ ಚರ್ಮಕ್ಕೆ ಕಿವಿ ತಾಗಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಶ್ರುತಿ ನೋಡುತ್ತಾರೆ. ಸುತ್ತಲೂ ಬೇರೆ ಸಂಗೀತ ನಡೆಯುತ್ತಿರುವಾಗಲೇ. ಆಮೇಲೆ ಸೊಪ್ರಾನೊದವರು ರಾಜಾಧಿರಾಜ ಅನ್ನುವ ಮಾತನ್ನು ಉದ್ದದ ಸ್ವರದಲ್ಲಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಕೆಳಗಿನವರು ಹಲ್ಲೆಲೂಯ ಅಂತ ಚುಟುಕಾಗಿ ಬಡಿಯುತ್ತಾ ಆ ಮೆಟ್ಟಿಲು ಎತ್ತಿ ಕೊಡುತ್ತಾರೆ. ಕೊನೆಗೆ ಎಲ್ಲಾ ಒಮ್ಮೆಲೇ ನಿಲ್ಲುತ್ತದೆ. ಒಂದು ಖಾಲಿ. ನಂತರ ಕೊನೆಯ ಹಲ್ಲೆಲೂಯ. ಆ ಖಾಲಿಯಲ್ಲಿ ಯಾರಾದರೂ ಒಬ್ಬರು ಅವಸರ ಮಾಡಿ ಹಾಡಿಬಿಟ್ಟರೆ ಅವರ ಕಥೆ ಮುಗಿಯಿತು. ಈ ಕೋರಸ್‌ಗೆ ಜನ ಎದ್ದು ನಿಲ್ಲುವ ವಾಡಿಕೆ ಇದೆ. ರಾಜ ಎರಡನೇ ಜಾರ್ಜ್ ಎದ್ದು ನಿಂತದ್ದರಿಂದ ಶುರುವಾಯಿತು ಅನ್ನುತ್ತಾರೆ. ಅವನು ಅಲ್ಲಿದ್ದ ಅನ್ನುವುದಕ್ಕೇ ಆ ಕಾಲದ ದಾಖಲೆ ಸಿಕ್ಕಿಲ್ಲ.

ಕ್ವಾಯರಿನ ಮುಂದೆ ಪ್ರತ್ಯೇಕ ಕೂತಿರುವ ನಾಲ್ವರು ಏಕ ಗಾಯಕರು ಮೈಕ್ ಇಲ್ಲದೆ ಅಷ್ಟು ವಾದ್ಯಗಳನ್ನು ಹೇಗೆ ದಾಟುತ್ತಾರೆ? ಜೋರಾಗಿ ಕಿರುಚಿ ಅಲ್ಲ. ಆರ್ಕೆಸ್ಟ್ರಾದ ಶಕ್ತಿ ಜಾಸ್ತಿ ಇರುವುದು ಸುಮಾರು 500 ಹರ್ಟ್ಜ್, ಅಂದರೆ ಸೆಕೆಂಡಿಗೆ 500 ಕಂಪನದ ಸುತ್ತ. ಅದರಿಂದ ಮೇಲೆ ಹೋದ ಹಾಗೆ ಕಡಿಮೆಯಾಗುತ್ತದೆ. ಪಳಗಿದ ಗಾಯಕರು, ಮುಖ್ಯವಾಗಿ ಗಂಡಸರು, ಗಂಟಲನ್ನು ಹದ ಮಾಡಿಕೊಂಡು 3000 ಹರ್ಟ್ಜ್ ಹತ್ತಿರ ದನಿಗೆ ಹೊಳಪು ತಂದುಕೊಳ್ಳುತ್ತಾರೆ. ಆರ್ಕೆಸ್ಟ್ರಾ ಖಾಲಿ ಬಿಟ್ಟ ಜಾಗದಲ್ಲಿ ನುಸುಳಿ ಬರುತ್ತಾರೆ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರಿ ಇದನ್ನು ಅಳೆದು ತೋರಿಸಿದವರು. ಸಭಾಂಗಣದ ಗೋಡೆಗಳೂ ಕೈ ಜೋಡಿಸಬೇಕು. ಒಳ್ಳೆ ಹಾಲಿನಲ್ಲಿ ದನಿ ನಿಂತ ಮೇಲೆ ಎರಡು ಸೆಕೆಂಡಿನಷ್ಟು ಗುನುಗು ಉಳಿಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಸ್ವರಗಳು ಕಲಸಿಹೋಗುತ್ತವೆ. ಗೋಳಗುಮ್ಮಟದಲ್ಲಿ ಈ ಸಿಂಫನಿ ನುಡಿಸಿದರೆ ಏನಾಗಬಹುದು, ನೀವೇ ಯೋಚಿಸಿ.

ಹಾಡುವವರು ಯಾರು ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟದ ಸಂಗತಿ. ಆರ್ಕೆಸ್ಟ್ರಾದವರು ಬಹುತೇಕ ಸಂಬಳದ ಕಲಾವಿದರು. ಆದರೆ ಅವರ ಹಿಂದೆ ನಿಂತ ದೊಡ್ಡ ಕ್ವಾಯರ್ ಎಷ್ಟೋ ಕಡೆ ಸಂಬಳ ಇಲ್ಲದವರದ್ದು. ಲಂಡನ್ ಸಿಂಫನಿ ಕೋರಸ್ ಕೂಡ ಹಾಗೇ. ಹಗಲು ಬೇರೆ ಕೆಲಸ, ಸಂಜೆ ಹಾಡಿನ ಅಭ್ಯಾಸ. ಒಂಬತ್ತನೇ ಸಿಂಫನಿ ಜಪಾನಿನಲ್ಲಿ ಮೊದಲ ಸಲ ಪೂರ್ತಿಯಾಗಿ ಕೇಳಿದ್ದು ಯಾವುದೋ ದೊಡ್ಡ ಸಭಾಂಗಣದಲ್ಲಿ ಅಲ್ಲ, ಕೈದಿಗಳ ಶಿಬಿರದಲ್ಲಿ. 1918ರ ಜೂನ್ 1ರಂದು, ಬಾಂಡೊ ಎಂಬ ಊರಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಜರ್ಮನ್ ಸೈನಿಕರು ನುಡಿಸಿ ಹಾಡಿದರು. ಹೆಂಗಸರಿರಲಿಲ್ಲ. ಸೊಪ್ರಾನೊ, ಆಲ್ಟೊ ಸಾಲುಗಳನ್ನು ಗಂಡು ದನಿಗೆ ತಿದ್ದಿಕೊಂಡರು. ಈಗ ಜಪಾನಿನಲ್ಲಿ ಡಿಸೆಂಬರ್ ಬಂತೆಂದರೆ ಊರೂರಲ್ಲಿ ಇದೇ ಸಿಂಫನಿ. ಒಸಾಕಾದಲ್ಲಿ ಹತ್ತು ಸಾವಿರ ಮಂದಿ ಸೇರಿ ಹಾಡುವ ಪದ್ಧತಿ 1983ರಿಂದ ನಡೆದಿದೆ.

ಕನ್ನಡನಾಡಿಗೂ ಈ ಸಂಗೀತಕ್ಕೂ ಹಳೆ ನಂಟಿದೆ, ಆದರೆ ಅದು ಮೈಸೂರಿನ ಕಡೆಯದು. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿದ್ದು ಅವರು ಹಣ ಕೊಟ್ಟದ್ದರಿಂದ. 1948ರವರೆಗೆ ನಮ್ಮ ಕಲಬುರಗಿ, ಬೀದರ, ಯಾದಗಿರಿ ನಿಜಾಮನ ರಾಜ್ಯದಲ್ಲಿದ್ದವು. ನಮ್ಮ ಕಡೆ ಕ್ವಾಯರ್ ಹಾಡು ಬಂದ ದಾರಿ ಅರಮನೆಯದ್ದಲ್ಲ, ಮೆಥಡಿಸ್ಟ್ ಮಿಷನ್ನಿನದು. ಪಾದ್ರಿಗಳು ಹಾಡು ಕಲಿಸಲು ಜಗತ್ತಿನ ತುಂಬಾ ಬಳಸಿದ ಒಂದು ಉಪಾಯ ಟಾನಿಕ್ ಸೋಲ್‌ಫಾ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಅದನ್ನು ಹರಡಿದರು. ಐದು ಗೆರೆಯ ಲಿಪಿ ಬೇಡ, ದೊ ರೆ ಮಿ ಅಕ್ಷರಗಳಲ್ಲೇ ನಾಲ್ಕೂ ಸಾಲು ಬರೆದುಬಿಡುವುದು. ಮಿಜೋರಾಂನಲ್ಲಿ ಇಂದಿಗೂ ಊರಿಗೆ ಊರೇ ಹಾಗೆ ಓದಿಕೊಂಡು ನಾಲ್ಕು ಎಳೆಯಲ್ಲಿ ಹಾಡುತ್ತದೆ. ಸರಿಗಮ ಬಲ್ಲ ನಮ್ಮ ಭಜನಿಯವರಿಗೆ ಇದು ಕಷ್ಟವೇ ಅಲ್ಲ.

ಹಾಗಾದರೆ ಕೇಳುವುದು ಎಲ್ಲಿ? ಪೂರ್ತಿ ಆರ್ಕೆಸ್ಟ್ರಾ ಎದುರು ಕೂತು ಕೇಳಬೇಕೆಂದರೆ ನಮಗೆ ರೈಲಿನ ದಾರಿ ನೇರ ಇರುವುದು ಮುಂಬೈಗೆ. ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ಸಿಎಸ್‌ಎಂಟಿಯಲ್ಲಿ ಇಳಿಯುತ್ತೀರಿ. ಅಲ್ಲಿಂದ ನರಿಮನ್ ಪಾಯಿಂಟ್ ಹತ್ತಿರ. ಅಲ್ಲಿನ ಎನ್‌ಸಿಪಿಎ ಎಂಬ ಕಲಾಕೇಂದ್ರವೇ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಮನೆ. 2006ರಲ್ಲಿ ಶುರುವಾದ ತಂಡ. ವರ್ಷವಿಡೀ ನುಡಿಸುವುದಿಲ್ಲ, ಅದರ ಕಛೇರಿಗಳಿಗೆ ಸೀಸನ್ ಇರುತ್ತದೆ. ಹೊರಡುವ ಮೊದಲು ತಾರೀಖು ನೋಡಿಕೊಳ್ಳಿ. ಟಿಕೆಟ್ ತೆಗೆಯುವಾಗ ಮುಂದಿನ ಸಾಲಿಗೆ ಆಸೆಪಡಬೇಡಿ. ಮುಂದೆ ಕೂತರೆ ವಯಲಿನ್‌ನವರ ಬೆನ್ನು ಮಾತ್ರ ಕಾಣುತ್ತದೆ, ಹಿಂದಿನವರು ಮರೆಯಾಗುತ್ತಾರೆ. ಸ್ವಲ್ಪ ಎತ್ತರದ ಸೀಟಿನಿಂದ ಎಲ್ಲರೂ ಕಾಣುತ್ತಾರೆ, ದರವೂ ಕಡಿಮೆ.

ನಾಲ್ಕು ಎಳೆಯ ಹಾಡು ಮಾತ್ರ ಸಾಕು ಅನ್ನುವವರು ಊರು ಬಿಟ್ಟು ಹೋಗಬೇಕಿಲ್ಲ. ಡಿಸೆಂಬರಿನಲ್ಲಿ ಬೀದರಿನ ಮಂಗಲಪೇಟೆಯಲ್ಲೋ ಕಲಬುರಗಿಯಲ್ಲೋ ಚರ್ಚಿನ ಕ್ವಾಯರ್ ಅಭ್ಯಾಸದ ಹೊತ್ತಿಗೆ ಹೋಗಿ ಕೇಳಿ. ಎಲ್ಲಾ ಹಾಡೂ ನಾಲ್ಕು ಎಳೆಯದಾಗಿರುವುದಿಲ್ಲ. ಇದ್ದಾಗ ಬಾಸ್‌ನವರ ಪಕ್ಕ ನಿಂತುಕೊಳ್ಳಿ.

ಫೋನಿನಲ್ಲೇ ಕೇಳುವವರಿಗೆ ಒಂದು ಮಾತು. ಡಬಲ್ ಬಾಸ್‌ನ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿಯನ್ನು ಫೋನಿನ ಸ್ಪೀಕರ್ ಹೊರಡಿಸಲಾರದು. ಒಂಬತ್ತನೇ ಸಿಂಫನಿಯಲ್ಲಿ ತಳದವರು ರಾಗ ಎತ್ತುವ ಜಾಗ ಅದರಲ್ಲಿ ಸರಿಯಾಗಿ ಕೇಳುವುದೇ ಇಲ್ಲ. ಏನೂ ನುಡಿಸುತ್ತಿಲ್ಲ ಅಂದುಕೊಂಡು ಜನ ಮುಂದಕ್ಕೆ ಓಡಿಸುತ್ತಾರೆ. ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ 70 ನಿಮಿಷ ಬೇಡ, ಕೊನೆಯ 25 ನಿಮಿಷ ಸಾಕು.